ಹೊಸ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡೆ, ಎಫ್‌ಪಿಎಸ್ (ಸೆಕೆಂಡಿಗೆ ಬರೋ ಫ್ರೇಮ್) ಅರ್ಧಕ್ಕರ್ಧ ಬರ್ತಿಲ್ಲ. ವಾಪಸ್ ಕೊಡ್ಲಾ?

ಬೆಣ್ಣೆದೋಸೆ_ದಾವಣಗೆರೆ
ಎಲ್ರಿಗೂ ನಮಸ್ಕಾರ. ಎರಡು ವರ್ಷ ಸಂಬಳದಲ್ಲಿ ತಿಂಗಳಾ ತಿಂಗಳಾ ಎತ್ತಿಟ್ಟು ಕೊನೆಗೂ ಒಂದು ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡೆ. ಐ7-13650ಎಚ್‌ಎಕ್ಸ್ ಪ್ರೊಸೆಸರ್, ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 165 ಹರ್ಟ್ಸ್ ಸ್ಕ್ರೀನ್. ಕಾರ್ಡ್ ಆಫರ್ ಎಲ್ಲಾ ಸೇರಿ 98,990 ಬಿತ್ತು. ಸೋಮವಾರ ಮನೆಗೆ ಬಂತು, ಪೂಜೆನೂ ಆಯ್ತು, ಅವತ್ತು ರಾತ್ರಿನೇ ಸೈಬರ್‌ಪಂಕ್ 2077 ಗೇಮ್ ಹಾಕ್ದೆ. 1080ಪಿ ಅಲ್ಟ್ರಾ, ರೇ ಟ್ರೇಸಿಂಗ್ (ಬೆಳಕಿನ ಎಫೆಕ್ಟ್) ಆಫ್, ಗೇಮ್ ಒಳಗಿರೋ ಬೆಂಚ್‌ಮಾರ್ಕಲ್ಲಿ, ಅಂದ್ರೆ ಸ್ಪೀಡ್ ಟೆಸ್ಟಲ್ಲಿ, ಸರಾಸರಿ 34 ಎಫ್‌ಪಿಎಸ್ ಬರ್ತಿದೆ. ಇದೇ ಮಾಡೆಲ್ ರಿವ್ಯೂ ಮಾಡಿದ ಯೂಟ್ಯೂಬರ್‌ಗೆ ಅದೇ ಸೆಟ್ಟಿಂಗಲ್ಲಿ 80ರ ಹತ್ರ ಬರುತ್ತೆ. ಡ್ರೈವರ್ ಎರಡು ಸಲ ತೆಗೆದು ಹಾಕ್ದೆ, ವಿಂಡೋಸ್ ಅಪ್‌ಡೇಟ್ ಮುಗಿಸ್ದೆ, ಏನೂ ವ್ಯತ್ಯಾಸ ಇಲ್ಲ. ಇನ್ನೊಂದು ವಿಚಿತ್ರ ಏನಂದ್ರೆ ಚಾರ್ಜಿಗೆ ಹಾಕಿದ್ರೂ ಆಡ್ತಾ ಆಡ್ತಾ ಬ್ಯಾಟರಿ ಇಳೀತಿದೆ, ಒಂದು ಗಂಟೇಲಿ 100 ಇದ್ದಿದ್ದು 81ಕ್ಕೆ ಬಂತು. ರಿಪ್ಲೇಸ್‌ಮೆಂಟ್ 7 ದಿನ ಅಷ್ಟೇ, ಇವತ್ತು 3ನೇ ದಿನ. ಪೀಸೇ ಡಿಫೆಕ್ಟಾ? ಏನೇನು ಟೆಸ್ಟ್ ಮಾಡ್ಲಿ ಹೇಳಿ, ನಿದ್ದೆ ಬರ್ತಿಲ್ಲ.

ಕಬ್ಬಿನಗದ್ದೆ
ಮೊದ್ಲು ಕಂಗ್ರಾಟ್ಸ್ ಗುರು. ನೋಡು, ಏನೇ ಆಗ್ಲಿ ಬಾಕ್ಸು ಥರ್ಮಾಕೋಲು ಕವರು ಒಂದೂ ಬಿಸಾಕ್ಬೇಡ.

ಎಸ್‌ಪಿ_ರೋಡ್_ಸುತ್ತಾಟ
ಅದಕ್ಕೇ ಹೇಳೋದು ಡೆಸ್ಕ್‌ಟಾಪ್ ತಗೊಳ್ಳಿ ಅಂತ. ಅದೇ ದುಡ್ಡಿಗೆ ಬೆಂಗಳೂರಿನ ಎಸ್‌ಪಿ ರೋಡ್ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದು ರೌಂಡ್ ಹಾಕಿದ್ರೆ ಇದರಪ್ಪನಂಥ ಸಿಸ್ಟಮ್ ಕಟ್ಕೊಡ್ತಾರೆ. ಲ್ಯಾಪ್‌ಟಾಪಲ್ಲಿ 4060 ಅನ್ನೋದು ಬರೀ ಸ್ಟಿಕರ್.

ಫ್ರೇಮ್_ಎಣಿಸೋನು
ಬರೀ ಸ್ಟಿಕರ್ ಅನ್ನೋದು ತಪ್ಪು ಸರ್. 4060 ವಿಷಯದಲ್ಲಿ ಡೆಸ್ಕ್‌ಟಾಪಿಗೂ ಲ್ಯಾಪ್‌ಟಾಪಿಗೂ ಒಂದೇ 3072 ಕೋರ್ (ಲೆಕ್ಕ ಮಾಡೋ ಘಟಕ), ಒಂದೇ 8 ಜಿಬಿ ಮೆಮೊರಿ. ನೀವು ಹೇಳೋ ಮೋಸ ಮೇಲಿನ ಕಾರ್ಡುಗಳಲ್ಲಿ ಇರೋದು, 4070 ಡೆಸ್ಕ್‌ಟಾಪಲ್ಲಿ 5888 ಕೋರು 12 ಜಿಬಿ, ಲ್ಯಾಪ್‌ಟಾಪಲ್ಲಿ 4608 ಕೋರು 8 ಜಿಬಿ, ಹೆಸರು ಮಾತ್ರ ಒಂದೇ. 4060ಯಲ್ಲಿ ನೋಡ್ಬೇಕಾಗಿರೋದು ವ್ಯಾಟ್. ಎನ್‌ವಿಡಿಯಾನೇ ಲ್ಯಾಪ್‌ಟಾಪ್ 4060ಗೆ 35ರಿಂದ 115 ವ್ಯಾಟ್ ಅಂತ ರೇಂಜ್ ಕೊಟ್ಟಿದೆ, ಡೈನಾಮಿಕ್ ಬೂಸ್ಟ್ (ಪ್ರೊಸೆಸರ್ ಪಾಲಿನ ಪವರ್ ಕಾರ್ಡಿಗೆ ಕೊಡೋದು) ಸೇರಿದ್ರೆ 140ರ ತನಕ. ಎಷ್ಟು ಕೊಡ್ಬೇಕು ಅನ್ನೋದು ಲ್ಯಾಪ್‌ಟಾಪ್ ಮಾಡೋರ ಕೈಲಿ. ಅದಕ್ಕೇ ಒಂದೇ ಹೆಸರಿನ ಎರಡು ಲ್ಯಾಪ್‌ಟಾಪಲ್ಲಿ ಒಂದು ಓಡುತ್ತೆ, ಇನ್ನೊಂದು ತೆವಳುತ್ತೆ.

ಬೆಣ್ಣೆದೋಸೆ, ಹೀಗೆ ಮಾಡಿ. ಗೇಮ್ ಓಡ್ತಿರುವಾಗ್ಲೇ ಆಲ್ಟ್ ಟ್ಯಾಬ್ ಮಾಡಿ ಕಮಾಂಡ್ ಪ್ರಾಂಪ್ಟಲ್ಲಿ ಎನ್‌ವಿಡಿಯಾ ಹೈಫನ್ ಎಸ್‌ಎಂಐ ಅಂತ ಹೊಡೀರಿ. ಎಷ್ಟು ವ್ಯಾಟ್ ಎಳೀತಿದೆ ಅಂತ ಅಲ್ಲೇ ಬರುತ್ತೆ. ಆ ನಂಬರ್ ಹಾಕಿ, ಆಮೇಲೆ ಮಾತಾಡೋಣ.

ಪಿಜಿ_ಹುಡುಗಿ
ಎಸ್‌ಪಿ ರೋಡ್ ಅಣ್ಣಾ, ಮೂರು ಜನ ಇರೋ ಪಿಜಿ ರೂಮಲ್ಲಿ ಡೆಸ್ಕ್‌ಟಾಪ್ ಎಲ್ಲಿ ಇಡೋದು, ಮಂಚದ ಕೆಳಗಾ? ನಾನು ಶುಕ್ರವಾರ ಬಸ್ಸಲ್ಲಿ ಊರಿಗೆ ಹೋಗ್ವಾಗ ಲ್ಯಾಪ್‌ಟಾಪ್ ಹೆಗಲಿಗೆ ಹಾಕ್ಕೊಂಡು ಹೋಗ್ತೀನಿ. ಕರೆಂಟ್ ಹೋದ್ರೆ ಯುಪಿಎಸ್ ಬೇಡ. ಎಲ್ಲರ ಮನೆ ಒಂದೇ ಥರ ಇರಲ್ಲ.

ಎಸ್‌ಪಿ_ರೋಡ್_ಸುತ್ತಾಟ
ಸರಿ ಸರಿ, ಪಿಜಿಯವರಿಗೆ ಒಪ್ತೀನಿ. ಮನೇಲಿ ಟೇಬಲ್ ಇರೋರಿಗೆ ಹೇಳಿದ್ದು.

ಧಾರವಾಡ_ಪೇಡಾ
ಅಣ್ಣಾರ, ಡಿಸ್‌ಪ್ಲೇ ಸೆಟ್ಟಿಂಗ್ಸ್ ನೋಡೀರೇನು? ನಂದು ಹೊಸಾದು ಬಂದಾಗ 165 ಬದ್ಲಿ 60 ಹರ್ಟ್ಸ್‌ನಾಗ ಇತ್ತು, ನಾ ಒಂದ್ ವಾರ ಹಂಗ ಆಡೀನಿ, ಗೊತ್ತ ಆಗಿರ್ಲಿಲ್ಲ. ಇನ್ನೊಂದು, ಹೈಬ್ರಿಡ್ ಮೋಡ್ ಆನ್ ಇದ್ರ ಎನ್‌ವಿಡಿಯಾ ಕಾರ್ಡ್ ಮಾಡಿದ್ ಫ್ರೇಮ್ ಎಲ್ಲಾ ಇಂಟೆಲ್ ಗ್ರಾಫಿಕ್ಸ್ ಮ್ಯಾಲಿಂದ ಹಾದು ಸ್ಕ್ರೀನಿಗೆ ಬರ್ತಾವ. ಮಕ್ಸ್ ಸ್ವಿಚ್ (ಸ್ಕ್ರೀನಿಗೆ ಯಾವ ಗ್ರಾಫಿಕ್ಸ್ ಅಂತ ಬದಲಿಸೋ ಸೆಟ್ಟಿಂಗ್) ಇದ್ರ ಡಿಸ್‌ಕ್ರೀಟ್‌ಗೆ, ಅಂದ್ರ ಎನ್‌ವಿಡಿಯಾಕ್ಕ ಹಾಕಿ ರೀಸ್ಟಾರ್ಟ್ ಮಾಡ್ರಿ, ಸ್ವಲ್ಪ ಏರ್ತೈತಿ. ಆದ್ರ 34ರಿಂದ 80ಕ್ಕ ಹೋಗೂದಿಲ್ಲ, ಅದು ಬ್ಯಾರೇನ ಏನೋ ಐತಿ.

ತೊಗರಿನಾಡು
ರೂಮಿನಾಗ ಎಷ್ಟು ಬಿಸಿ ಅದ ಅಂತ ಯಾರೂ ಕೇಳ್ಲಿಲ್ಲಲ್ಲ. ನಮ್ಮ ಕಲಬುರಗಿ ಕಡಿ ಮೇ ತಿಂಗಳಾಗ ಹೊರಗ 42 ಅಂದ್ರ ರಾತ್ರಿ ಹತ್ತಕ್ಕೂ ಗೋಡಿ ಬಿಸಿ ಹೊಡಿತದ. ಯೂಟ್ಯೂಬರ್ ಎಸಿ ರೂಮಿನಾಗ 24ರಾಗ ಕುಂತು ಟೆಸ್ಟ್ ಮಾಡ್ತಾನ, ನಾವು 36ರಾಗ. ರೂಮ್ ಹತ್ತು ಡಿಗ್ರಿ ಏರಿತಂದ್ರ ಚಿಪ್ಪೂ ಹೆಚ್ಚುಕಮ್ಮಿ ಹತ್ತು ಡಿಗ್ರಿ ಏರ್ತದ. ಈ ಇಂಟೆಲ್ ಪ್ರೊಸೆಸರ್ 100 ಡಿಗ್ರಿ ಮುಟ್ಟಿದ್ ಕೂಡ್ಲೆ ತಾನಾ ಸ್ಪೀಡ್ ಇಳಿಸ್ಕೋತದ. ಟೆಂಪರೇಚರ್ ಹಾಕ್ರಿ.

ಬೆಣ್ಣೆದೋಸೆ_ದಾವಣಗೆರೆ
ಎಲ್ಲಾ ನೋಡ್ದೆ. ಸ್ಕ್ರೀನ್ 165ರಲ್ಲೇ ಇದೆ. ಮಕ್ಸ್ ಡಿಸ್‌ಕ್ರೀಟ್ ಹಾಕ್ದೆ, 34 ಹೋಗಿ 36 ಆಯ್ತು. ಸಿಪಿಯು (ಪ್ರೊಸೆಸರ್) 71 ಡಿಗ್ರಿ, ಜಿಪಿಯು (ಗ್ರಾಫಿಕ್ಸ್ ಕಾರ್ಡ್) 58 ಡಿಗ್ರಿ ಅಷ್ಟೇ, ಬಿಸಿನೇ ಆಗ್ತಿಲ್ಲ. ಗೇಮ್ ಮಧ್ಯದಲ್ಲಿ ಜಿಪಿಯು ಎಳೀತಿರೋದು 38 ವ್ಯಾಟ್. ಪರ್ಫಾರ್ಮೆನ್ಸ್ ಮೋಡ್ ಬಟನ್ ಒತ್ತಿದ್ರೆ ಸೆಲೆಕ್ಟ್ ಆಗಲ್ಲ, ಬೂದು ಬಣ್ಣದಲ್ಲೇ ಇರುತ್ತೆ.

ಫ್ರೇಮ್_ಎಣಿಸೋನು
58 ಡಿಗ್ರಿ, 38 ವ್ಯಾಟ್, ಪರ್ಫಾರ್ಮೆನ್ಸ್ ಮೋಡ್ ಲಾಕ್, ಚಾರ್ಜಿಗಿದ್ರೂ ಬ್ಯಾಟರಿ ಇಳಿಕೆ. ಇದು ಕರೆಂಟ್ ಸಾಲದೇ ಇರೋ ಲ್ಯಾಪ್‌ಟಾಪ್. ಒಂದೇ ಪ್ರಶ್ನೆ: ಯಾವ ಚಾರ್ಜರ್ ಹಾಕಿದೀರಿ? ಬಾಕ್ಸಲ್ಲಿ ಬಂದಿದ್ದು ತಾನೇ?

ಬೆಣ್ಣೆದೋಸೆ_ದಾವಣಗೆರೆ
ಅದು... ಬಾಕ್ಸಲ್ಲಿ ಬಂದಿದ್ದು ಇಟ್ಟಿಗೆ ಥರ 230 ವ್ಯಾಟ್ ಅಡಾಪ್ಟರ್. ಆದ್ರೆ ಅದರ ವೈರಿಗೆ ದಪ್ಪ ಪಿನ್ ಇದೆ, 16 ಆಂಪಿಂದು, ಗೀಸರ್ ಪಿನ್ ಥರ. ನನ್ನ ರೂಮಲ್ಲಿ ಇರೋದೆಲ್ಲಾ ಸಣ್ಣ 6 ಆಂಪ್ ಸಾಕೆಟ್. ಅದಕ್ಕೇ ಆಫೀಸ್ ಲ್ಯಾಪ್‌ಟಾಪಿನ 65 ವ್ಯಾಟ್ ಟೈಪ್ ಸಿ ಚಾರ್ಜರ್ ಹಾಕಿದೀನಿ. ಚಾರ್ಜ್ ಆಗ್ತಿದೆಯಲ್ಲ, ನಡೆಯುತ್ತೆ ಅಂದ್ಕೊಂಡೆ.

ಕಬ್ಬಿನಗದ್ದೆ
ಸಿಕ್ತು ನೋಡು!! ಎತ್ತು ಎಳೆಯೋ ಗಾಡಿಗೆ ಕರು ಹೂಡಿದೀಯ ಕಣಪ್ಪ.

ಫ್ರೇಮ್_ಎಣಿಸೋನು
ಹಾಗಾದ್ರೆ ಪೀಸ್ ಮೇಲೆ ಇನ್ನೂ ತೀರ್ಪು ಕೊಡೋ ಹಾಗಿಲ್ಲ. ಜಿಪಿಯು ಒಂದಕ್ಕೇ 100 ವ್ಯಾಟ್ ಮೇಲೆ ಬೇಕು, ಸಿಪಿಯು, ಸ್ಕ್ರೀನ್, ಫ್ಯಾನ್ ಬೇರೆ. ಬರ್ತಿರೋದು 65. ಕಮ್ಮಿ ಬಿದ್ದಿದ್ದನ್ನ ಬ್ಯಾಟರಿಯಿಂದ ಎಳ್ಕೊಳ್ಳುತ್ತೆ, ಜೊತೆಗೆ ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುತ್ತೆ. ಟೈಪ್ ಸಿ ಚಾರ್ಜರ್ ಬ್ರೌಸಿಂಗಿಗೆ, ಟ್ರೇನಲ್ಲಿ ಹೋಗ್ವಾಗ, ಅಷ್ಟಕ್ಕೇ ಸರಿ. ಮನೇಲಿ ಎಲ್ಲಾದ್ರೂ ದಪ್ಪ ಸಾಕೆಟ್ ಇದ್ದೇ ಇರುತ್ತೆ, ಅಡುಗೆಮನೆ, ಬಚ್ಚಲು, ಫ್ರಿಜ್ ಹಿಂದೆ. ಬಚ್ಚಲು ಬೇಡ. ಉಳಿದ ಕಡೆ ಎಲ್ಲಾದ್ರೂ ಇಟ್ಟು ಇನ್ನೊಂದ್ಸಲ ಓಡಿಸಿ.

ಪಿಜಿ_ಹುಡುಗಿ
ನಂಗೂ ಇದೇ ಆಗಿತ್ತು! ದಪ್ಪ ಪಿನ್ ನೋಡಿ ಪಿಜಿ ಆಂಟಿ ಇದೇನಮ್ಮ ಇಸ್ತ್ರಿಪೆಟ್ಟಿಗೆನಾ, ಕರೆಂಟ್ ಬಿಲ್ ಯಾರು ಕಟ್ತಾರೆ ಅಂದ್ರು. ಅವರಿಗೆ ಲೆಕ್ಕ ಹೇಳಿ ಒಪ್ಪಿಸೋದ್ರಲ್ಲಿ ಸಾಕಾಯ್ತು. 230 ವ್ಯಾಟನ್ನ ನಮ್ಮ 230 ವೋಲ್ಟಿಂದ ಭಾಗಿಸಿದ್ರೆ ಒಂದು ಆಂಪ್. ಅಡಾಪ್ಟರಲ್ಲಿ ವೇಸ್ಟ್ ಆಗೋದು ಸೇರಿಸಿದ್ರೂ ಒಂದೂಕಾಲು. 6 ಆಂಪ್ ಸಾಕೆಟಿಗೆ ಅದು ಯಾವ ಲೆಕ್ಕ? ಪಿನ್ ದಪ್ಪ ಇದೆ ಅಷ್ಟೇ, ಎಳೆಯೋದು ಮಿಕ್ಸಿಗಿಂತ ಕಮ್ಮಿ.

ಎಸ್‌ಪಿ_ರೋಡ್_ಸುತ್ತಾಟ
ಈ ವಿಷಯದಲ್ಲಿ ನಾನು ಸಹಾಯ ಮಾಡ್ತೀನಿ. ಅಡಾಪ್ಟರ್ ಕಡೆಯ ತೂತು ನೋಡಿ, ಹಳೇ ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗೆ (ಒಳಗಿನ ಪವರ್ ಸಪ್ಲೈಗೆ) ಹಾಕೋ ವೈರ್ ಕೂರೋ ಆಕಾರ ಇದ್ರೆ ಕಥೆ ಮುಗೀತು. ಯಾವ ಕಂಪ್ಯೂಟರ್ ಅಂಗಡೀಲೂ 150-200 ರೂಪಾಯಿಗೆ 6 ಆಂಪ್ ಪಿನ್ ಇರೋ ವೈರ್ ಸಿಗುತ್ತೆ. ಮಾನಿಟರಿಗೂ ಅದೇ ವೈರು. ಐಎಸ್‌ಐ ಮಾರ್ಕ್ ಇರೋದು, ಮೂರು ಪಿನ್ ಇರೋದು ತಗೊಳ್ಳಿ. ಕೈಯಲ್ಲಿ ಹಿಡಿದ್ರೆ ತೂಕ ಗೊತ್ತಾಗ್ಬೇಕು, ನೂಲಿನ ಥರ ಇರೋದು ಬೇಡ.

ಕಬ್ಬಿನಗದ್ದೆ
ಅದಕ್ಕಿಂತ ಸುಲಭ 20 ರೂಪಾಯಿ ಕನ್ವರ್ಟರ್, ಮೂರು ಪಿನ್ನಿಂದ ಎರಡಕ್ಕೆ ಮಾಡೋದು. ನಾನು ಟಿವಿಗೆ ಹಾಕಿದೀನಿ.

ಕಡಲತಡಿ
ಬೇಡ ಮಾರಾಯ್ರೆ, ಅದು ಮಾತ್ರ ಬೇಡ! ಲ್ಯಾಪ್‌ಟಾಪಿಗೆ ಅರ್ಥಿಂಗ್ ಬೇಕೇ ಬೇಕು. ನನ್ನದರ ಮುಚ್ಚಳ ಮೆಟಲ್. ನಮ್ಮ ಹಳೇ ಮನೆಯಲ್ಲಿ ಅರ್ಥ್ ವೈರೇ ಇಲ್ಲದ ಸಾಕೆಟ್ ಒಂದುಂಟು, ಅದಕ್ಕೆ ಹಾಕಿ ಬರಿಗಾಲಲ್ಲಿ ಕೂತ್ರೆ ಮಣಿಕಟ್ಟಿನ ಹತ್ರ ಇರುವೆ ಹರಿದ ಹಾಗೆ ಜುಮು ಜುಮು. ಟೆಸ್ಟರ್ ಮುಟ್ಟಿಸಿದೆ, ಕೆಂಪು ಬಲ್ಬು ಉರಿಯಿತು. ಲ್ಯಾಪ್‌ಟಾಪ್ ಹಾಳು ಅಂತ ಹೆದರಿ ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋದೆ, ಅಲ್ಲಿ ಏನೂ ಇಲ್ಲ! ಅವರ ಸಾಕೆಟಲ್ಲಿ ಅರ್ಥಿಂಗ್ ಸರಿ ಇತ್ತು. ಅಡಾಪ್ಟರ್ ಒಳಗೆ ಗಲಾಟೆ ಸಿಗ್ನಲ್ ತಡೀಲಿಕ್ಕೆ ಅಂತ ಸಣ್ಣ ಕೆಪಾಸಿಟರ್ ಇಟ್ಟಿರ್ತಾರೆ, ಅದರಿಂದ ಚೂರೇ ಚೂರು ಕರೆಂಟ್ ಬಾಡಿಗೆ ಬರ್ತದೆ. ಅರ್ಥ್ ಇದ್ರೆ ನೆಲಕ್ಕೆ ಹೋಗ್ತದೆ, ಇಲ್ಲದಿದ್ರೆ ನಮ್ಮ ಕೈ ಮೂಲಕ ದಾರಿ ಹುಡುಕ್ತದೆ. ಪ್ರಾಣಕ್ಕೆ ಅಪಾಯ ಆಗುವಷ್ಟು ಅಲ್ಲ, ಆದ್ರೆ ದಿನಾ ಅದನ್ನ ಸಹಿಸಿಕೊಂಡು ಯಾಕೆ ಕೂರ್ಬೇಕು? ನಾನು ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಎಳೆಸಿದೆ. ಮೇಲಿನ ದಪ್ಪ ಮೂರನೇ ಪಿನ್ ಇರೋದೇ ಅದಕ್ಕೆ.

ಕಬ್ಬಿನಗದ್ದೆ
ಓಹ್, ಗೊತ್ತಿರ್ಲಿಲ್ಲ. ಹಿಂದಕ್ಕೆ ತಗೊಂಡೆ. ನಾಳೆ ಟಿವಿದೂ ಬದಲಾಯಿಸ್ತೀನಿ.

ಬೆಣ್ಣೆದೋಸೆ_ದಾವಣಗೆರೆ
ಅಪ್‌ಡೇಟ್. ಅಡುಗೆಮನೇಲಿ ಗ್ರೈಂಡರ್ ಹಾಕೋ ಸಾಕೆಟ್ ಇದೆ. ಅಮ್ಮ ಅಕ್ಕಿ ನೆನೆಸಿಟ್ಟು ಕಾಯ್ತಾ ಇದ್ರು, ಅರ್ಧ ಗಂಟೆ ಕೊಡಮ್ಮ ಅಂತ ಕೇಳ್ಕೊಂಡು ಕಟ್ಟೆ ಒರೆಸಿ ಲ್ಯಾಪ್‌ಟಾಪ್ ಇಟ್ಟೆ. ಪಿನ್ ಹಾಕಿದ ತಕ್ಷಣ ಪರ್ಫಾರ್ಮೆನ್ಸ್ ಮೋಡ್ ತೆರ್ಕೊಳ್ತು. ಬೆಂಚ್‌ಮಾರ್ಕ್ ಶುರು ಆಗಿ ಒಂದು ನಿಮಿಷಕ್ಕೆ ಫ್ಯಾನ್ ಎದ್ದಿದ್ದು ನೋಡ್ಬೇಕಿತ್ತು, ಪಕ್ಕದಲ್ಲಿ ಪೇಪರ್ ಮೇಲೆ ಒಣಗಿಸಿಟ್ಟಿದ್ದ ಕರಿಬೇವೆಲ್ಲಾ ಹಾರಿ ಸಿಂಕಿಗೆ ಬಿತ್ತು. ಸರಾಸರಿ 71!!! ಜಿಪಿಯು 128 ವ್ಯಾಟ್ ತನಕ ಹೋಯ್ತು. ಬ್ಯಾಟರಿ 100ರಲ್ಲೇ ನಿಂತಿತ್ತು. ಅಮ್ಮನೂ ನಿಂತು ನೋಡಿದ್ರು, ಏನೋ ಇದು ಇಷ್ಟೊಂದು ಚೆನ್ನಾಗಿ ಕಾಣುತ್ತಲ್ಲ, ನಿಜವಾದ ಊರಾ ಅಂದ್ರು. ಎಲ್ರಿಗೂ ದೊಡ್ಡ ಥ್ಯಾಂಕ್ಸ್.

ಆದ್ರೂ ಎರಡು ಅನುಮಾನ. ಅವರಿಗೆ 80, ನನಗೆ 71 ಯಾಕೆ? ಮತ್ತೆ ಸಿಪಿಯು 97 ಡಿಗ್ರಿ ಮುಟ್ಟಿದೆ, ಇದು ಸರಿನಾ?

ಫ್ರೇಮ್_ಎಣಿಸೋನು
71 ಅಂದ್ರೆ ಆರೋಗ್ಯವಾಗಿದೆ. ಇನ್ನು ರ‍್ಯಾಮ್ ನೋಡಿ. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್, ಮೆಮೊರಿ, ಅಲ್ಲಿ ಸ್ಲಾಟ್ ಎಷ್ಟು ಬಳಕೇಲಿದೆ ಅಂತ ಇರುತ್ತೆ. 2ರಲ್ಲಿ 1 ಅಂತಿದ್ರೆ ಒಂದೇ 16 ಜಿಬಿ ಕಡ್ಡಿ ಹಾಕಿ ಕಳಿಸಿದಾರೆ, ಸಿಂಗಲ್ ಚಾನಲ್, ಅಂದ್ರೆ ಡೇಟಾ ಓಡಾಡೋಕೆ ಒಂದೇ ದಾರಿ. ರಿವ್ಯೂ ಮಾಡೋರಲ್ಲಿ ತುಂಬಾ ಜನ ಎರಡು ಕಡ್ಡಿ ಹಾಕಿ ಟೆಸ್ಟ್ ಮಾಡ್ತಾರೆ. ಆ ಎಂಟೊಂಬತ್ತು ಫ್ರೇಮ್ ಅಲ್ಲೇ ಹೋಗಿರೋದು.

97ರ ಬಗ್ಗೆ: ನಿಮ್ಮ ಎಚ್‌ಎಕ್ಸ್ ಸಿಪಿಯು ಟರ್ಬೋ (ಪೂರ್ತಿ ಸ್ಪೀಡ್) ಲಿಮಿಟ್ 157 ವ್ಯಾಟ್, ಬಿಸಿ ಒಂದು ಕ್ಷಣ ಏರಿ ಇಳಿಯೋದು ಸಹಜ. ಅಲ್ಲೇ ಕೂತಿದ್ರೆ ಯೋಚನೆ. ಸಿನೆಬೆಂಚ್ ಆರ್23 ಅನ್ನೋ ಸಿಪಿಯು ಟೆಸ್ಟ್ ಹಾಕಿ, ಅದು ತಾನಾಗೇ 10 ನಿಮಿಷ ಓಡುತ್ತೆ, ಶುರುವಿನ ಸ್ಪೀಡಿಗೂ ಕೊನೆಯ ಸ್ಪೀಡಿಗೂ ಎಷ್ಟು ಅಂತರ ಅಂತ ನೋಡಿ.

ಬೆಣ್ಣೆದೋಸೆ_ದಾವಣಗೆರೆ
ಹೌದು, 2ರಲ್ಲಿ 1. ಹಾಗಾದ್ರೆ ನಾಳೆನೇ ಇನ್ನೊಂದು 16 ತಂದು ಹಾಕ್ಲಾ?

ಧಾರವಾಡ_ಪೇಡಾ
ಬ್ಯಾಡ್ರಿ! 7 ದಿನ ಮುಗಿಯೂತನಾ ಒಂದ್ ಸ್ಕ್ರೂನೂ ಮುಟ್ಬ್ಯಾಡ್ರಿ. ನಂದು ತಳ ಬಿಚ್ಚಿ ಎಸ್‌ಎಸ್‌ಡಿ (ಸ್ಟೋರೇಜ್ ಡ್ರೈವ್) ಹಾಕಿದ್ದೆ, ಆಮ್ಯಾಲ ಸ್ಪೀಕರ್ ಹೋತು, ಸರ್ವಿಸ್ನವ್ರು ಸ್ಕ್ರೂ ಮ್ಯಾಲ ಗೀರು ಐತಿ ಅಂತ ಎರಡ್ ತಿಂಗಳ ಅಡ್ಡಾಡ್ಸಿದ್ರು. ರ‍್ಯಾಮ್ ಹಾಕಿದ್ರ ವಾರಂಟಿ ಹೋಗ್ತದ ಅಂತ ಎಲ್ಲೂ ಬರ್ದಿರ್ಲಿಲ್ಲ, ಕಡೀಕ ಮಾಡಿಕೊಟ್ರು, ಆದ್ರ ತಲಿ ಕೆಟ್ಟಿತ್ತು. ರಿಪ್ಲೇಸ್‌ಮೆಂಟ್ ಟೈಮಿನಾಗಂತೂ ನೆವ ಕೊಡಬಾರ್ದು. ಮೊದ್ಲ ಒಳಗಿಂದೆಲ್ಲಾ ಟೆಸ್ಟ್ ಮುಗಿಸ್ರಿ.

ತೊಗರಿನಾಡು
ಈಗ ರ‍್ಯಾಮ್ ರೇಟ್ ಕೇಳಿದ್ರ ತಲಿ ತಿರಗ್ತದ. ಸ್ವಲ್ಪ ತಡೀರಿ.

ಮತ್ತ ಬಿಸಿ ಕಮ್ಮಿ ಮಾಡ್ಲಿಕ್ಕ ಸಾವಿರ ರೂಪಾಯಿ ಕೂಲಿಂಗ್ ಪ್ಯಾಡ್ ಬ್ಯಾಡ. ನೀರಿನ ಬಾಟ್ಲಿ ಮುಚ್ಚಳ ಎರಡು ತಗೊಂಡು ಹಿಂದಿನ ಕಾಲಿನ ಕೆಳಗ ಇಡ್ರಿ, ತಳದಿಂದ ಗಾಳಿ ಎಳಿಲಿಕ್ಕ ಜಾಗ ಸಿಗ್ತದ. ನಂದು 5 ಡಿಗ್ರಿ ಇಳೀತು. ಹಾಸಿಗಿ ಮ್ಯಾಲ, ತಲದಿಂಬಿನ ಮ್ಯಾಲ ಇಟ್ಟು ಆಡಬ್ಯಾಡ್ರಿ, ಬಟ್ಟಿ ತೂತು ಮುಚ್ತದ.

ಕಾಫಿತೋಟ
ತೋಟದಲ್ಲಿ ನೆಟ್‌ವರ್ಕ್ ಇಲ್ಲ, ಲೇಟಾಗಿ ಓದ್ದೆ. ಉಳಿದ ದಿನಗಳಲ್ಲಿ ಇವಿಷ್ಟು ನೋಡಿ. ರಾತ್ರಿ ಲೈಟ್ ಆಫ್ ಮಾಡಿ ಪೂರ್ತಿ ಕಪ್ಪು ಚಿತ್ರ ಹಾಕಿ ಸ್ಕ್ರೀನಿನ ಮೂಲೆಗಳಲ್ಲಿ ಬೆಳಕು ಸೋರ್ತಿದೆಯಾ ಅಂತ, ಆಮೇಲೆ ಬಿಳಿ, ಕೆಂಪು, ಹಸಿರು, ನೀಲಿ ಒಂದೊಂದೇ ಹಾಕಿ ಸತ್ತ ಪಿಕ್ಸೆಲ್ ಇದೆಯಾ ಅಂತ. ಕಮಾಂಡ್ ಪ್ರಾಂಪ್ಟಲ್ಲಿ ಪವರ್‌ಸಿಎಫ್‌ಜಿ ಸ್ಪೇಸ್ ಸ್ಲ್ಯಾಶ್ ಬ್ಯಾಟರಿರಿಪೋರ್ಟ್ ಅಂತ ಕೊಟ್ರೆ ಬ್ಯಾಟರಿ ಡಿಸೈನ್ ಮಾಡಿದ್ದೆಷ್ಟು, ಈಗ ತುಂಬೋದೆಷ್ಟು ಅಂತ ರಿಪೋರ್ಟ್ ಬರುತ್ತೆ, ಹೊಸದ್ರಲ್ಲಿ ಎರಡೂ ಹತ್ತಿರ ಹತ್ತಿರ ಇರ್ಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರಲ್ಲಿ ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ನೋಡಿ. ನನ್ನ ತಮ್ಮನಿಗೆ ಬಂದ ಹೊಸ ಲ್ಯಾಪ್‌ಟಾಪಲ್ಲಿ ಅದು 300 ಗಂಟೆ ಇತ್ತು. ಯಾರೋ ವಾಪಸ್ ಕೊಟ್ಟಿದ್ದನ್ನ ಒರೆಸಿ ಕಳಿಸಿದ್ರು. ಎಲ್ಲಾ ಯುಎಸ್‌ಬಿ, ಹೆಡ್‌ಫೋನ್, ಕ್ಯಾಮೆರಾ, ಕೀಬೋರ್ಡಿನ ಒಂದೊಂದು ಕೀ. ಕೊನೆಗೆ ಗೇಮ್ ಓಡಿಸ್ಕೊಂಡು ಸೌಂಡ್ ಮ್ಯೂಟ್ ಮಾಡಿ ಫ್ಯಾನ್ ಶಬ್ದ ಕೇಳಿ, ಎರಡೂ ಕಡೆ ಬೇರೆ ಬೇರೆ.

ಪಿಜಿ_ಹುಡುಗಿ
ಕಾಫಿತೋಟ ಸರ್, ಸ್ಪೇಸ್ ಕೀ ಒಂದು ತುದಿ ಒತ್ತಿದ್ರೆ ಕೆಲಸ ಮಾಡ್ತಿರ್ಲಿಲ್ಲ ನಂದ್ರಲ್ಲಿ, ಮೂರು ತಿಂಗಳು ಬಿಟ್ಟು ಗೊತ್ತಾಯ್ತು. ಇದನ್ನೂ ಸೇರಿಸಿ. ವ್ಯಾಲರಂಟ್ ಆಡೋರಿಗೆ ಸ್ಪೇಸ್ ಅಂದ್ರೆ ಜೀವ.

ಕಬ್ಬಿನಗದ್ದೆ
ವ್ಯಾಲರಂಟ್ ಅಂದ್ರಿ, ನಮ್ಮ ಕಾಲ ನೆನಪಾಯ್ತು. ಸೈಬರ್ ಸೆಂಟರಲ್ಲಿ ಗಂಟೆಗೆ 20 ರೂಪಾಯಿ, ಕೌಂಟರ್ ಸ್ಟ್ರೈಕ್ 1.6, ಐದು ಜನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಕೂತ್ರೆ ಅಪ್ಪ ಬಂದು ಚಪ್ಪಲಿ ಗುರುತು ಹಿಡಿದು ಎಳ್ಕೊಂಡು ಹೋಗ್ತಿದ್ರು. ಆ ಸೆಂಟರ್ ಜಾಗದಲ್ಲಿ ಈಗ ಮೊಬೈಲ್ ಕವರ್ ಅಂಗಡಿ.

ಧಾರವಾಡ_ಪೇಡಾ
ರೋಡ್ ರ‍್ಯಾಶ್ ಬೈಕ್ ಗೇಮಿನಾಗ ಸರಪಳಿ ಕಸಗೊಂಡು ಹೊಡ್ಯೂದು ಯಾರಿಗ್ ನೆನಪೈತ್ರಿ?

ಎಸ್‌ಪಿ_ರೋಡ್_ಸುತ್ತಾಟ
ನೆನಪಿದೆ, ಆದ್ರೆ ಅದಕ್ಕೆ ಬೇರೆ ಥ್ರೆಡ್ ಮಾಡಿ. ಇವರ ರಿಟರ್ನ್ ದಿನ ಓಡ್ತಿದೆ.

ಬೆಣ್ಣೆದೋಸೆ_ದಾವಣಗೆರೆ
5ನೇ ದಿನ. ಹಳೇ ಕಂಪ್ಯೂಟರ್ ಅಂಗಡೀಲಿ ಸಣ್ಣ ಪಿನ್ ವೈರ್ 180 ಕೊಟ್ಟು ತಂದೆ, ಸರಿಯಾಗಿ ಕೂತ್ಕೊಳ್ತು, ಈಗ ನನ್ನ ರೂಮಲ್ಲೇ 70-71 ಬರ್ತಿದೆ. ಬಾಟ್ಲಿ ಮುಚ್ಚಳ ಇಟ್ಟೆ, 97 ಹೋಗಿ 92. ಸಿನೆಬೆಂಚ್ 10 ನಿಮಿಷಕ್ಕೆ ಸ್ಪೀಡ್ ಸ್ವಲ್ಪ ಇಳಿದು ಒಂದು ಕಡೆ ನಿಲ್ತು. ಎಸ್‌ಎಸ್‌ಡಿ 19 ಗಂಟೆ, ಅದು ನಾನೇ ಓಡಿಸಿದ್ದು. ಬ್ಯಾಟರಿ, ಕೀಗಳು ಎಲ್ಲಾ ಸರಿ. ಸ್ಕ್ರೀನ್ ಬಲ ಮೂಲೇಲಿ ಚೂರು ಬೆಳಕು ಇದೆ, ಆಡುವಾಗ ಕಾಣಲ್ಲ.

ಆದ್ರೆ ಫ್ಯಾನ್. ಕಾಫಿತೋಟ ಅವರು ಹೇಳಿದ ಹಾಗೆ ಮ್ಯೂಟ್ ಮಾಡಿ ಕಿವಿ ಇಟ್ಟೆ. ಬಲಗಡೆ ಬರೀ ಗಾಳಿ ಶಬ್ದ. ಎಡಗಡೆ ಗಾಳಿ ಜೊತೆ ಟರ್‌ರ್ ಟರ್‌ರ್ ಅಂತ, ಸೈಕಲ್ ಚಕ್ರಕ್ಕೆ ರಟ್ಟು ಸಿಕ್ಕಿಸಿದ ಹಾಗೆ. ಲ್ಯಾಪ್‌ಟಾಪ್ ಎಡಕ್ಕೆ ವಾಲಿಸಿದ್ರೆ ನಿಲ್ಲುತ್ತೆ, ನೆಟ್ಟಗಿಟ್ರೆ ಮತ್ತೆ ಶುರು. ಹೆಡ್‌ಫೋನ್ ಹಾಕಿ ಆಡ್ತಿದ್ದೆ, ಅದಕ್ಕೇ ಕೇಳಿಸಿರ್ಲಿಲ್ಲ.

ಎಸ್‌ಪಿ_ರೋಡ್_ಸುತ್ತಾಟ
ಧೂಳು ಇರ್ಬಹುದು, ಒಂದು ವಾರಕ್ಕೆ ಸರಿ ಹೋಗುತ್ತೆ ಬಿಡಿ.

ಕಾಫಿತೋಟ
5 ದಿನದ ಲ್ಯಾಪ್‌ಟಾಪಲ್ಲಿ ಎಲ್ಲಿಯ ಧೂಳು? ವಾಲಿಸಿದ್ರೆ ಶಬ್ದ ಬದಲಾಗುತ್ತೆ ಅಂದ್ರೆ ಫ್ಯಾನ್ ಬೇರಿಂಗೋ ಅಥವಾ ಒಳಗಿನ ವೈರ್ ರೆಕ್ಕೆಗೆ ತಾಗ್ತಿದೆಯೋ, ಎರಡರಲ್ಲೊಂದು. ತಾನಾಗಿ ಸರಿ ಹೋಗಲ್ಲ. ಇದಕ್ಕೆ ರಿಪ್ಲೇಸ್‌ಮೆಂಟ್ ಕೇಳೋದು ನಿಮ್ಮ ಹಕ್ಕು. ಫೋನ್ ಎಡಗಡೆ ತೂತಿನ ಹತ್ರ ಹಿಡಿದು ಒಂದು ನಿಮಿಷ ವಿಡಿಯೋ ಮಾಡಿ, ಆಮೇಲೆ ಬಲಗಡೆ ಹಿಡಿದು ಒಂದು ನಿಮಿಷ. ಸೀರಿಯಲ್ ನಂಬರ್ ಅದೇ ವಿಡಿಯೋದಲ್ಲಿ ಕಾಣ್ಬೇಕು. ಇವತ್ತೇ ರಿಕ್ವೆಸ್ಟ್ ಹಾಕಿ, ನಾಳೆ ಅನ್ಬೇಡಿ.

ಕಡಲತಡಿ
ಎಫ್‌ಪಿಎಸ್ ವಿಷಯ ಮಾತ್ರ ಕಂಪ್ಲೇಂಟಲ್ಲಿ ಬರೀಬೇಡಿ ಆಯ್ತಾ. ಚಾರ್ಜರ್ ಕಥೆ ಎತ್ತಿ ಗೇಮ್ ಸೆಟ್ಟಿಂಗ್ ಸರಿ ಮಾಡಿ ಅಂತ ಮುಗಿಸಿ ಬಿಡ್ತಾರೆ. ಫ್ಯಾನ್ ಶಬ್ದ, ಅಷ್ಟೇ.

ಬೆಣ್ಣೆದೋಸೆ_ದಾವಣಗೆರೆ
ಹಾಕ್ದೆ. 6ನೇ ದಿನ ಮಧ್ಯಾಹ್ನ ಟೆಕ್ನಿಷಿಯನ್ ಬಂದ್ರು. ಮೊದ್ಲು ಗೇಮಿಂಗ್ ಲ್ಯಾಪ್‌ಟಾಪಲ್ಲಿ ಶಬ್ದ ಕಾಮನ್ ಸರ್ ಅಂದ್ರು. ನಾನು ಏನೂ ವಾದ ಮಾಡ್ಲಿಲ್ಲ, ಗೇಮ್ ಹಾಕಿ ಫ್ಯಾನ್ ಏರಿದ ಮೇಲೆ ಬಲಗಡೆ ಕಿವಿ ಇಡಿ ಅಂದೆ, ಆಮೇಲೆ ಎಡಗಡೆ ಇಡಿ ಅಂದೆ. ಎಡಗಡೆ ಇಟ್ಟವರು ತಲೆ ಎತ್ತಿ ನನ್ನ ಮುಖ ನೋಡಿ, ಹೌದು ಸರ್ ಅಂದು ಅಲ್ಲೇ ಅಪ್ರೂವ್ ಮಾಡಿದ್ರು. ಹಳೇ ಬಾಕ್ಸು ಥರ್ಮಾಕೋಲು ಎಲ್ಲಾ ಕೇಳಿದ್ರು, ಕಬ್ಬಿನಗದ್ದೆ ಅಣ್ಣ ಹೇಳಿದ್ದಕ್ಕೆ ಎಲ್ಲಾ ಎತ್ತಿಟ್ಟಿದ್ದೆ.

ಹೊಸ ಪೀಸ್ ಗುರುವಾರ ಬಂತು. ಬಾಕ್ಸ್ ತೆಗೆಯೋದ್ರಿಂದ ವಿಡಿಯೋ ಮಾಡಿದೀನಿ. ಮೊದ್ಲು ಎಸ್‌ಎಸ್‌ಡಿ ಗಂಟೆ ನೋಡ್ದೆ, ಸೊನ್ನೆ. ಫ್ಯಾನ್ ಎರಡೂ ಕಡೆ ಬರೀ ಗಾಳಿ. ಬೆಂಚ್‌ಮಾರ್ಕ್ 72. ಆದ್ರೆ ಇದರಲ್ಲೂ ದಪ್ಪ ಪಿನ್ನೇ ಬಂದಿದೆ, ಹಳೇದನ್ನ ವಾಪಸ್ ಕೊಡುವಾಗ ಸಣ್ಣ ವೈರ್ ನನ್ನ ಹತ್ರ ಇಟ್ಕೊಂಡಿದ್ದೆ.

ಪಿಜಿ_ಹುಡುಗಿ
ಸೂಪರ್!! ಇನ್ನು ದಿನಾ ಚಾರ್ಜಿಗೆ ಹಾಕೇ ಇಡೋದಾದ್ರೆ ಬ್ಯಾಟರಿ ಲಿಮಿಟ್ 80ಕ್ಕೆ ಇಟ್ಬಿಡಿ, ಕಂಪನಿ ಆಪಲ್ಲೇ ಆಪ್ಷನ್ ಇರುತ್ತೆ.

ತೊಗರಿನಾಡು
ಭಾಳ ಖುಷಿ ಆಯ್ತು. ಅಣ್ಣಾ, ಆ 180 ರೂಪಾಯಿ ವೈರ್ ಎಷ್ಟು ಉದ್ದ ಬಂತು? ನಂದೂ ದಪ್ಪ ಪಿನ್ನ ಅದ, ಇಲ್ಲಿತನಾ ಫ್ರಿಜ್ ಬಾಜೂಕ ಕುಂತು ಆಡ್ಲಿಕತ್ತೀನಿ.

ಬೆಣ್ಣೆದೋಸೆ_ದಾವಣಗೆರೆ
ಒಂದೂವರೆ ಮೀಟರ್ ಇದೆ ಅಣ್ಣ. ಅಡಾಪ್ಟರಿಂದ ಲ್ಯಾಪ್‌ಟಾಪಿಗೆ ಬರೋ ವೈರ್ ಬೇರೆ ಸೇರಿ ಮಂಚದ ತನಕ ಆರಾಮಾಗಿ ಬರುತ್ತೆ. ಅಂಗಡಿಯವರಿಗೆ ಎಸ್‌ಎಂಪಿಎಸ್ ಪವರ್ ಕೇಬಲ್ ಅನ್ನಿ, ಲ್ಯಾಪ್‌ಟಾಪ್ ಕೇಬಲ್ ಅಂದ್ರೆ ಬೇರೆ ತೂತಿಂದು ಕೊಡ್ತಾರೆ.